ಫೈಬ್ರೊಮಯಾಲ್ಜಿಯಾ: ಬೆರಳ ಪರೀಕ್ಷೆಯಿಂದ ಫೋನ್ ಕರೆಯವರೆಗೆ

ಫೈಬ್ರೊಮಯಾಲ್ಜಿಯಾ ಮೈತುಂಬ ಹರಡಿಕೊಂಡು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವ ನೋವಿನ ಕಾಯಿಲೆ. ಕುತ್ತಿಗೆ, ಭುಜ, ಸೊಂಟ, ತೊಡೆ ಎಂದು ನೋವು ಜಾಗ ಬದಲಿಸುತ್ತದೆ. ಅದರ ಬೆನ್ನಿಗೇ ಎಷ್ಟು ಮಲಗಿದರೂ ತೀರದ ಸುಸ್ತು, ಕೋಳಿನಿದ್ದೆ, ಬೆಳಗ್ಗೆ ಏಳುವಾಗಿನ ಮೈಬಿಗಿತ, ಆಡಬೇಕೆಂದ ಮಾತು ನಾಲಿಗೆಯ ತುದಿಯಲ್ಲೇ ನಿಂತುಬಿಡುವ ಮರೆವು ಬರುತ್ತವೆ. ಕೀಲು ಊದುವುದಿಲ್ಲ, ಮೂಳೆ ಸವೆಯುವುದಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲದರಲ್ಲೂ ‘ನಾರ್ಮಲ್’ ಎಂದೇ ಬರುತ್ತದೆ. ಬೇರೆ ಬೇರೆ ದೇಶಗಳ ಸಮೀಕ್ಷೆಗಳ ಪ್ರಕಾರ ನೂರಕ್ಕೆ ಸುಮಾರು 2ರಿಂದ 4 ಮಂದಿಗೆ ಈ ಕಾಯಿಲೆ ಇದೆ. ಅವರಲ್ಲಿ ಹೆಂಗಸರೇ ಹೆಚ್ಚು. ಪರೀಕ್ಷೆಗೆ ಸಿಕ್ಕದ ಕಾಯಿಲೆಯ ಚರಿತ್ರೆ ಬಹುಮಟ್ಟಿಗೆ ಪುರಾವೆ ಹುಡುಕಿದವರ ಚರಿತ್ರೆ. ಆ ಹುಡುಕಾಟ ವೈದ್ಯರ ಬೆರಳಿನಿಂದ ಶುರುವಾಗಿ, ರೋಗಿಯ ಮಾತನ್ನೇ ಪುರಾವೆಯೆಂದು ಒಪ್ಪುವ ಹಂತಕ್ಕೆ ಬಂದದ್ದು 2010ರಲ್ಲಿ. ಅದಾಗಿ ಹತ್ತು ವರ್ಷಕ್ಕೆ ಕೋವಿಡ್ ಲಾಕ್‌ಡೌನ್ ಬಂದು, ವೈದ್ಯರು ರೋಗಿಯನ್ನು ಮುಟ್ಟಿ ನೋಡುವುದೇ ನಿಂತಿತು.

ಮಾಂಸಖಂಡದ ನೋವನ್ನು ಕೀಲುನೋವಿನಿಂದ ಬೇರೆ ಮಾಡಿ ನೋಡುವ ಪ್ರಯತ್ನ ಯುರೋಪಿನಲ್ಲಿ ಹಳೆಯದು. ಪ್ಯಾರಿಸ್ಸಿನ ವೈದ್ಯ ಗಿಯೋಮ್ ದ ಬಾಯು ಮೈಯೆಲ್ಲ ವ್ಯಾಪಿಸುವ ‘ರೂಮ್ಯಾಟಿಸಂ’ ಬಗ್ಗೆ ಬರೆದ ಪುಸ್ತಕ ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1642ರಲ್ಲಿ ಅಚ್ಚಾಯಿತು. 1816ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ವಿಲಿಯಂ ಬಾಲ್ಫರ್ ಇಂಥ ರೋಗಿಗಳ ಮಾಂಸಖಂಡಗಳಲ್ಲಿ ಬೆರಳಿಗೆ ತಾಗುವ ಸಣ್ಣ ಗಂಟುಗಳಿವೆ ಎಂದ; ಅವನ್ನು ಒತ್ತಿ, ತಟ್ಟಿ ಚಿಕಿತ್ಸೆ ಮಾಡುತ್ತಿದ್ದ. 1841ರಲ್ಲಿ ಫ್ರಾನ್ಸಿನ ವಾಲೇ ಗಂಟಿನ ಗೊಡವೆಗೆ ಹೋಗದೆ, ಒತ್ತಿದರೆ ನೋಯುವ ಬಿಂದುಗಳು ನರಗಳ ದಾರಿಯಲ್ಲಿವೆ ಎಂದು ಬರೆದ. ಕಾಯಿಲೆ ಮಾಂಸದ್ದೋ ನರದ್ದೋ ಎಂಬ ಜಗಳದ ಎರಡು ಪಕ್ಷಗಳೂ ಹೀಗೆ ಆಗಲೇ ಸಿದ್ಧವಾಗಿದ್ದವು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಮೂರನೆಯ ಪಕ್ಷವೊಂದು ಹುಟ್ಟಿತು. ಅಮೆರಿಕದ ಜಾರ್ಜ್ ಬಿಯರ್ಡ್ 1869ರಲ್ಲಿ ನರಶಕ್ತಿ ಬತ್ತಿಹೋಗುವ ಸ್ಥಿತಿಗೆ ‘ನ್ಯೂರಸ್ತೇನಿಯಾ’ ಎಂದು ಹೆಸರಿಟ್ಟ. ನಮ್ಮಲ್ಲಿ ಇಂದಿಗೂ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಕಾಣುವ ‘ನರದೌರ್ಬಲ್ಯ’ ಅದೇ ವಂಶದ್ದು. ನ್ಯೂರಸ್ತೇನಿಯಾಕ್ಕೆ ಫಿಲಡೆಲ್ಫಿಯಾದ ಸೈಲಸ್ ವಿಯರ್ ಮಿಚೆಲ್ ಕಂಡುಕೊಂಡ ಮದ್ದು ‘ವಿಶ್ರಾಂತಿ ಚಿಕಿತ್ಸೆ’. ರೋಗಿಯನ್ನು, ಹೆಚ್ಚಾಗಿ ಹೆಂಗಸನ್ನು, ವಾರಗಟ್ಟಲೆ ಹಾಸಿಗೆಯಲ್ಲೇ ಇರಿಸುವುದು. ಓದು, ಬರಹ, ನೆಂಟರಿಷ್ಟರ ಭೇಟಿ ಎಲ್ಲಕ್ಕೂ ತಡೆ. ಹಾಲು, ಕೊಬ್ಬಿನ ಆಹಾರ, ಮೈ ನೀವುವುದು. 1887ರಲ್ಲಿ ಈ ಚಿಕಿತ್ಸೆಗೆ ಒಳಗಾಗಿ ಇನ್ನಷ್ಟು ಕುಸಿದ ಲೇಖಕಿ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅದೇ ಅನುಭವದಿಂದ ‘ದಿ ಯೆಲ್ಲೊ ವಾಲ್‌ಪೇಪರ್’ ಕಥೆ ಬರೆದು 1892ರಲ್ಲಿ ಪ್ರಕಟಿಸಿದಳು. ನೋವಿರುವ ಹೆಂಗಸನ್ನು ಕೋಣೆಯಲ್ಲಿಟ್ಟು ಕದ ಮುಚ್ಚುವುದು ಒಂದು ಕಾಲಕ್ಕೆ ಶಾಸ್ತ್ರೋಕ್ತ ವೈದ್ಯವಾಗಿತ್ತೆಂಬುದನ್ನು 2020ರ ಸಂಗತಿಗಳನ್ನು ನೋಡುವಾಗ ನೆನಪಿಟ್ಟುಕೊಳ್ಳಬೇಕು.

ಸಾಂಕ್ರಾಮಿಕಕ್ಕೂ ಮೈನೋವಿಗೂ ಗಂಟು ಬಿದ್ದದ್ದೂ ಆ ಕಾಲದಲ್ಲೇ. 1889-90ರಲ್ಲಿ ಜಗತ್ತನ್ನು ಸುತ್ತಿದ ‘ರಷ್ಯನ್ ಫ್ಲೂ’ ಇಳಿದ ಮೇಲೆ ಲಂಡನ್ನಿನ ವೈದ್ಯರ ಬಳಿಗೆ ಜ್ವರ ಬಿಟ್ಟು ತಿಂಗಳುಗಳಾದರೂ ನೋವು, ಸುಸ್ತು, ನಿದ್ದೆಗೇಡು ಬಿಡದ ರೋಗಿಗಳು ಬರತೊಡಗಿದರು. ನರರೋಗ ತಜ್ಞ ಜೂಲಿಯಸ್ ಆಲ್ಟ್‌ಹೌಸ್ ಇದನ್ನು ಇನ್‌ಫ್ಲುಯೆಂಜಾದ ನರಬಾಧೆಯೆಂದು ವಿವರವಾಗಿ ಬರೆದ. 1918ರ ಫ್ಲೂ ನಂತರವೂ ಇಂಥ ವರದಿಗಳು ಬಂದವು. ಸಾವು ಎಣಿಸುವವರ ಲೆಕ್ಕಕ್ಕೆ ಈ ಜನ ಸಿಕ್ಕುವುದಿಲ್ಲ. ಹಾಗಾಗಿ ಸಾಂಕ್ರಾಮಿಕಗಳ ಚರಿತ್ರೆಯಲ್ಲಿ ಅವರಿಗೆ ಸಿಕ್ಕಿರುವುದು ಅಡಿಟಿಪ್ಪಣಿಯಷ್ಟು ಜಾಗ.

1904ರಲ್ಲಿ ಲಂಡನ್ನಿನ ಪ್ರಸಿದ್ಧ ನರವೈದ್ಯ ಸರ್ ವಿಲಿಯಂ ಗೋವರ್ಸ್ ಸೊಂಟನೋವಿನ ಮೇಲೆ ಮಾಡಿದ ಉಪನ್ಯಾಸ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮಾಂಸಖಂಡದ ನಾರು ಉರಿಯೂತಗೊಂಡದ್ದೇ ನೋವಿಗೆ ಕಾರಣ ಎಂದು ಊಹಿಸಿದ ಆತ ಅದಕ್ಕೆ ‘ಫೈಬ್ರೊಸೈಟಿಸ್’ ಎಂಬ ಹೆಸರು ಕೊಟ್ಟ. ಊಹೆಗೆ ಆಧಾರ ಒದಗಲು ತಡವಾಗಲಿಲ್ಲ: ಅದೇ ವರ್ಷ ಗ್ಲಾಸ್ಗೋದ ರಾಲ್ಫ್ ಸ್ಟಾಕ್‌ಮನ್, ರೋಗಿಗಳಿಂದ ಕತ್ತರಿಸಿ ತೆಗೆದ ಗಂಟುಗಳಲ್ಲಿ ಉರಿಯೂತದ ಗುರುತು ಸೂಕ್ಷ್ಮದರ್ಶಕದಲ್ಲಿ ಕಂಡಿತೆಂದು ವರದಿ ಮಾಡಿದ. ಪುರಾವೆ ಸಿಕ್ಕಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಬಂದವರು ಎಷ್ಟು ತುಂಡು ಕತ್ತರಿಸಿ ನೋಡಿದರೂ ಅಂಥ ಉರಿಯೂತ ಮತ್ತೆ ಕಾಣಲಿಲ್ಲ. ಹೆಸರು ಮಾತ್ರ ಎಪ್ಪತ್ತು ವರ್ಷ ಉಳಿದುಕೊಂಡಿತು.

ಎರಡನೆಯ ಮಹಾಯುದ್ಧದಲ್ಲಿ ಜಗಳ ಬೀದಿಗೆ ಬಂತು. ಮೈಕೈ ನೋವೆಂದು ಆಸ್ಪತ್ರೆ ಸೇರುವ ಸಿಪಾಯಿಗಳ ಸಂಖ್ಯೆ ಸೇನಾ ವೈದ್ಯರ ತಲೆ ಕೆಡಿಸಿತ್ತು. 1943ರಲ್ಲಿ ಅಮೆರಿಕದ ಸೇನಾ ವೈದ್ಯರಾದ ಬೋಲಂಡ್ ಮತ್ತು ಕೋರ್, ಈ ಸಿಪಾಯಿಗಳಲ್ಲಿ ಹಲವರ ನೋವು ಮನಸ್ಸಿನಿಂದ ಹುಟ್ಟಿದ ‘ಸೈಕೋಜೆನಿಕ್ ರೂಮ್ಯಾಟಿಸಂ’ ಎಂದು ಬರೆದರು. ಯುದ್ಧದ ಹೊತ್ತಿನಲ್ಲಿ ಈ ತೀರ್ಪಿಗೆ ವೈದ್ಯಕೀಯದಷ್ಟೇ ಆಡಳಿತದ ಉಪಯೋಗವೂ ಇತ್ತು. ಗಾಯವಿಲ್ಲದವನ ನೋವನ್ನು ದೇಹದ್ದು ಎಂದರೆ ರಜೆ, ಪಿಂಚಣಿ ಕೊಡಬೇಕು. ಮನಸ್ಸಿನದು ಎಂದರೆ ಮರಳಿ ಪಡೆಗೆ ಕಳಿಸಬಹುದು. ಅಂದು ಅಂಟಿದ ‘ಎಲ್ಲ ಮನಸ್ಸಿನದು’ ಎಂಬ ಹಣೆಪಟ್ಟಿ ಇಂದಿನ ಒಪಿಡಿಗಳಲ್ಲೂ ಪೂರ್ತಿ ಕಳಚಿಲ್ಲ.

ದಾರಿ ಬದಲಾದದ್ದು ಟೊರೊಂಟೊದಲ್ಲಿ. ಅಲ್ಲಿನ ಸಂಧಿವಾತ ತಜ್ಞ ಹ್ಯೂ ಸ್ಮೈತ್ ಮತ್ತು ಮನೋವೈದ್ಯ ಹಾರ್ವೆ ಮಾಲ್ಡೋಫ್ಸ್ಕಿ ನಿದ್ದೆಯ ಕಡೆಯಿಂದ ಸಮಸ್ಯೆಯನ್ನು ಹಿಡಿದರು. 1975ರಲ್ಲಿ ಪ್ರಕಟವಾದ ಅವರ ಪ್ರಯೋಗ ಸರಳವಾದದ್ದು. ಆರೋಗ್ಯವಂತ ವಿದ್ಯಾರ್ಥಿಗಳು ಗಾಢ ನಿದ್ದೆಗೆ ಇಳಿದಾಗಲೆಲ್ಲ ಸದ್ದು ಮಾಡಿ ಆ ಹಂತ ಕೆಡಿಸುವುದು, ಆದರೆ ಪೂರ್ತಿ ಎಚ್ಚರಿಸದಿರುವುದು. ಕೆಲವೇ ರಾತ್ರಿಗಳಲ್ಲಿ ಆ ಹುಡುಗರ ಮೈಕೈ ನೋಯತೊಡಗಿತು, ಒತ್ತಿದರೆ ನೋಯುವ ಜಾಗಗಳೂ ಕಂಡವು. ನೆಮ್ಮದಿಯ ನಿದ್ದೆ ಸಿಕ್ಕಿದ ಮೇಲೆ ಎಲ್ಲ ಇಳಿಯಿತು. ದಿನವೂ ಓಡುವ ಅಭ್ಯಾಸವಿದ್ದ ಕೆಲವರಿಗೆ ಮಾತ್ರ ಅಷ್ಟಾಗಿ ತೊಂದರೆಯಾಗಲಿಲ್ಲ ಎಂಬುದನ್ನೂ ಅವರು ಗುರುತಿಸಿದ್ದರು. ನಿದ್ದೆ ಮತ್ತು ಓಡಾಟ, ಮುಂದೆ ಚಿಕಿತ್ಸೆಯ ಎರಡು ಕಂಬಗಳಾದವು. 1986ರ ಸುಮಾರಿಗೆ ಬಂದ ಪ್ರಯೋಗಗಳು ಖಿನ್ನತೆಯ ಮಾತ್ರೆಯಾದ ಅಮಿಟ್ರಿಪ್ಟಿಲೀನನ್ನು ತೀರ ಸಣ್ಣ ಪ್ರಮಾಣದಲ್ಲಿ ರಾತ್ರಿ ಕೊಟ್ಟರೆ ನಿದ್ದೆಯೂ ನೋವೂ ಸುಧಾರಿಸುತ್ತವೆ ಎಂದು ತೋರಿಸಿದವು. 1988ರಲ್ಲಿ ಕೆನಡಾದ ಗ್ಲೆನ್ ಮೆಕೇನ್ 20 ವಾರಗಳ ವ್ಯಾಯಾಮದಿಂದ ರೋಗಿಗಳಿಗೆ ಅನುಕೂಲವಾದದ್ದನ್ನು ವರದಿ ಮಾಡಿದ. ಮಿಚೆಲ್‌ನ ಹಾಸಿಗೆ ವೈದ್ಯಕ್ಕೆ ನೇರ ಎದುರಾದ ತೀರ್ಮಾನವಿದು.

ಈ ನಡುವೆ ಹೆಸರೂ ಬದಲಾಯಿತು. ಉರಿಯೂತವೇ ಇಲ್ಲದ ಮೇಲೆ ಫೈಬ್ರೊಸೈಟಿಸ್ ಎನ್ನುವುದು ತಪ್ಪೆಂದು 1976ರಲ್ಲಿ ಪಿ. ಕೆ. ಹೆಂಚ್ ‘ಫೈಬ್ರೊಮಯಾಲ್ಜಿಯಾ’ ಎಂದು ಕರೆದ. ಕಾರ್ಟಿಸೋನ್ ಸಂಶೋಧನೆಗೆ 1950ರಲ್ಲಿ ನೊಬೆಲ್ ಪಡೆದ ಫಿಲಿಪ್ ಹೆಂಚ್ ಈತನ ತಂದೆ. 1981ರಲ್ಲಿ ಇಲಿನಾಯ್‌ನ ಮುಹಮ್ಮದ್ ಯೂನುಸ್ (ಗ್ರಾಮೀಣ ಬ್ಯಾಂಕಿನ ಯೂನುಸ್ ಅಲ್ಲ) 50 ರೋಗಿಗಳನ್ನು 50 ಆರೋಗ್ಯವಂತರ ಜೊತೆ ಹೋಲಿಸಿ, ಕಾಯಿಲೆಯ ಲಕ್ಷಣಗಳು ಹೇಗೆ ಒಟ್ಟೊಟ್ಟಿಗೆ ಬರುತ್ತವೆಂದು ಕ್ರಮಬದ್ಧವಾಗಿ ತೋರಿಸಿದ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿ, ಫ್ರೆಡರಿಕ್ ವುಲ್ಫ್ ನೇತೃತ್ವದಲ್ಲಿ 293 ರೋಗಿಗಳನ್ನೂ 265 ಇತರರನ್ನೂ ಪರೀಕ್ಷಿಸಿ ಮಾನದಂಡ ಪ್ರಕಟಿಸಿತು. ಮೂರು ತಿಂಗಳಿಂದ ಮೈಯ ಎಡಬಲ ಎರಡೂ ಬದಿ, ಸೊಂಟದ ಮೇಲೂ ಕೆಳಗೂ ನೋವಿರಬೇಕು. ಗೊತ್ತುಪಡಿಸಿದ 18 ಬಿಂದುಗಳಲ್ಲಿ 4 ಕಿಲೋ ಒತ್ತಡ ಹಾಕಿದಾಗ ಕನಿಷ್ಠ 11 ನೋಯಬೇಕು. 4 ಕಿಲೋ ಎಂದರೆ ವೈದ್ಯರ ಹೆಬ್ಬೆರಳ ಉಗುರು ಬಿಳುಚಿಕೊಳ್ಳುವಷ್ಟು ಒತ್ತಡ. 1992ರ ಕೋಪನ್‌ಹೇಗನ್ ಘೋಷಣೆಯಲ್ಲಿ ತಜ್ಞರು ಇದನ್ನು ಕಾಯಿಲೆಯೆಂದು ಮಾನ್ಯ ಮಾಡಿದರು.

ಹನ್ನೊಂದು ಕಡೆ ನೊಂದರೆ ರೋಗಿ, ಹತ್ತಾದರೆ ಅಲ್ಲ ಎಂಬ ಲೆಕ್ಕ ಸಂಶೋಧನೆಗೆ ಅನುಕೂಲವಿರಬಹುದು, ಒಪಿಡಿಯಲ್ಲಿ ಕುಳಿತವರಿಗೆ ಅಲ್ಲ. ಎಷ್ಟೋ ವೈದ್ಯರು ಬಿಂದುಗಳನ್ನು ಒತ್ತಿ ನೋಡುತ್ತಲೇ ಇರಲಿಲ್ಲ, ನೋಡಿದವರೂ ಒಂದೇ ಬಲದಿಂದ ಒತ್ತುತ್ತಿರಲಿಲ್ಲ. ಗಂಡಸರಿಗೆ ಒತ್ತಡದ ನೋವು ಸ್ವಲ್ಪ ಕಡಿಮೆ ತಟ್ಟುವುದರಿಂದ ಅವರು ಎಣಿಕೆಯಿಂದ ಆಚೆ ಉಳಿದು, ಇದು ಬರೀ ಹೆಂಗಸರ ಕಾಯಿಲೆ ಎಂಬ ಭಾವನೆ ಇನ್ನೂ ಗಟ್ಟಿಯಾಯಿತು. ವಿಚಿತ್ರವೆಂದರೆ ಮಾನದಂಡ ಬರೆದ ವುಲ್ಫ್‌ಗೇ ಮುಂದೆ ಅದರ ಮೇಲೆ ನಂಬಿಕೆ ಹೋಯಿತು. ಇದನ್ನು ಪ್ರತ್ಯೇಕ ಕಾಯಿಲೆ ಎನ್ನಬಹುದೇ ಎಂದೇ ಆತ ಬಹಿರಂಗವಾಗಿ ಸಂಶಯಪಟ್ಟ. ಮತ್ತೊಂದು ಕಡೆ ನರವಿಜ್ಞಾನ ಬೇರೆ ದಿಕ್ಕಿನಿಂದ ಪುರಾವೆ ತರುತ್ತಿತ್ತು. ಮೈಗೆ ಪೆಟ್ಟಾದ ಮೇಲೆ ನರಮಂಡಲ ಚಿಕ್ಕ ಸ್ಪರ್ಶವನ್ನೂ ನೋವಾಗಿ ಹಿಗ್ಗಿಸಬಲ್ಲದೆಂದು 1983ರಲ್ಲಿ ಕ್ಲಿಫರ್ಡ್ ವುಲ್ಫ್ (ಈತ ಬೇರೆ) ತೋರಿಸಿದ್ದ. 2002ರಲ್ಲಿ ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು 16 ರೋಗಿಗಳ ಹೆಬ್ಬೆರಳನ್ನು ಒತ್ತುತ್ತ ಅವರ ಮಿದುಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಗಮನಿಸಿದರು. ಆರೋಗ್ಯವಂತರಿಗೆ ಬೇಕಾದ ಒತ್ತಡದ ಸುಮಾರು ಅರ್ಧಕ್ಕೇ ರೋಗಿಗಳಿಗೆ ಅಷ್ಟೇ ನೋವಾಗುತ್ತಿತ್ತು; ಮಿದುಳಿನಲ್ಲೂ ಅವೇ ನೋವಿನ ಭಾಗಗಳು ಎಚ್ಚೆತ್ತವು. ನೋವು ನಟನೆಯಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಚಿತ್ರ ಅದುವರೆಗೆ ಸಿಕ್ಕಿರಲಿಲ್ಲ.

2007ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಿಗ್ಯಾಬಲಿನ್ ಔಷಧಕ್ಕೆ ಈ ಕಾಯಿಲೆಯ ಚಿಕಿತ್ಸೆಗೆಂದೇ ಅನುಮತಿ ಕೊಟ್ಟಿತು, 2008ರಲ್ಲಿ ಡುಲೊಕ್ಸೆಟೀನ್‌ಗೆ, 2009ರಲ್ಲಿ ಮಿಲ್ನಸಿಪ್ರಾನ್‌ಗೆ. ಯುರೋಪಿನ ಔಷಧ ಸಂಸ್ಥೆ ಮೂರಕ್ಕೂ ಒಪ್ಪಲಿಲ್ಲ. 2010ರಲ್ಲಿ ಹೊಸ ಮಾನದಂಡ ಬಂತು, ಅದರಲ್ಲಿ ಬೆರಳ ಪರೀಕ್ಷೆಯೇ ಇರಲಿಲ್ಲ. ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವು, ಸುಸ್ತು ಎಷ್ಟು, ನಿದ್ದೆಯಿಂದ ಎದ್ದಾಗ ಹಗುರವೆನಿಸುತ್ತದೆಯೇ, ನೆನಪು ಕೈಕೊಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಅಂಕ. ಮರುವರ್ಷ ಬಂದ ತಿದ್ದುಪಡಿಯಲ್ಲಿ, ಸಮೀಕ್ಷೆಗಳಿಗಾಗಿ, ರೋಗಿಯೇ ತುಂಬಬಹುದಾದ ನಮೂನೆಯೂ ಸಿದ್ಧವಾಯಿತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಪರಿಷ್ಕರಿಸಿದ ಶಿಫಾರಸುಗಳಲ್ಲಿ ‘ಖಚಿತವಾಗಿ ಮಾಡಬೇಕು’ ಎಂಬ ದರ್ಜೆ ಪಡೆದದ್ದು ಒಂದೇ ಒಂದು ಚಿಕಿತ್ಸೆ, ವ್ಯಾಯಾಮ. ಔಷಧಗಳು, ಬಿಸಿನೀರಿನ ಕೊಳದ ಚಿಕಿತ್ಸೆ, ಯೋಗ, ತಾಯ್‌ಚಿ ಎಲ್ಲ ಅದರ ಕೆಳಗೆ.

ಕರ್ನಾಟಕದಲ್ಲಿ ಈ ಕಾಯಿಲೆಗೆ ಮನೆಮಾತಿನ ಪ್ರತ್ಯೇಕ ಹೆಸರಿಲ್ಲ. ‘ವಾಯು’, ‘ವಾತ’, ‘ಮೈಕೈ ನೋವು’ ಎಂದೇ ಜನ ಹೇಳಿಕೊಳ್ಳುತ್ತಾರೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಳ್ಳುವುದರಿಂದ ಹಿಡಿದು ಮೂಳೆ ಡಾಕ್ಟರು, ನರದ ಡಾಕ್ಟರು, ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಇಂಜೆಕ್ಷನ್ ಎಲ್ಲ ಸುತ್ತಿ ಕೊನೆಗೆ ಸಂಧಿವಾತ ತಜ್ಞರ ಬಳಿಗೆ ಬರುವ ಹೊತ್ತಿಗೆ ವರ್ಷಗಳು ಸಂದಿರುತ್ತವೆ. ಆ ತಜ್ಞರಿರುವುದೂ ಹೆಚ್ಚಾಗಿ ಬೆಂಗಳೂರು, ಮಂಗಳೂರಿನಂಥ ನಗರಗಳಲ್ಲಿ. ಅಮಿಟ್ರಿಪ್ಟಿಲೀನ್ ಚೀಟಿ ಹಿಡಿದು ಹೋದವರಿಗೆ ‘ಇದು ಡಿಪ್ರೆಶನ್ ಮಾತ್ರೆ ಅಲ್ವಾ?’ ಎಂಬ ಪ್ರಶ್ನೆ ಮನೆಯಲ್ಲೋ ಔಷಧದಂಗಡಿಯಲ್ಲೋ ಎದುರಾಗುವುದು ಸಾಮಾನ್ಯ. ಕಾನೂನಿನ ಕಣ್ಣಿಗೂ ಕಾಯಿಲೆ ಬಿದ್ದಿಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡುವ 21 ವೈಕಲ್ಯಗಳಲ್ಲಿ ಫೈಬ್ರೊಮಯಾಲ್ಜಿಯಾ ಇಲ್ಲ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಪಿಡುಗೆಂದು ಕರೆಯಿತು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಕಲಬುರಗಿಯದೆಂದು ಮರುದಿನ ದೃಢಪಟ್ಟಿತು. ರಾಜ್ಯ ಸರ್ಕಾರ ಕೈಗೆತ್ತಿಕೊಂಡದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು. ಮುಂಬಯಿ ಪ್ಲೇಗ್ ಕಾಲದಲ್ಲಿ ಬ್ರಿಟಿಷರು ಮಾಡಿದ ಕಾನೂನದು. ಮರುವರ್ಷವೇ ಪ್ಲೇಗ್ ಬೆಂಗಳೂರಿಗೆ ಬಂದು ಊರಿನ ನಕ್ಷೆಯನ್ನೇ ಬದಲಿಸಿತ್ತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಘೋಷಿಸಿದ ಲಾಕ್‌ಡೌನ್ ನಾಲ್ಕು ಗಂಟೆಯಲ್ಲಿ ಜಾರಿಗೆ ಬಂತು. ಮೊದಲು 21 ದಿನ, ಆಮೇಲೆ ಮೇ 3, ಮೇ 17, ಮೇ 31 ಎಂದು ಬೆಳೆಯಿತು.

ನಡಿಗೆಯೇ ಮದ್ದಾಗಿರುವ ಕಾಯಿಲೆಯವರಿಗೆ ಯಾವ ದೇಶ ಎಷ್ಟು ನಡೆಯಲು ಬಿಟ್ಟಿತೆಂಬುದನ್ನು ನೋಡಿದರೆ ಆ ದಿನಗಳ ಸ್ವರೂಪ ತಿಳಿಯುತ್ತದೆ. ಮಾರ್ಚ್ 23ರಂದು ಬಾಗಿಲು ಹಾಕಿದ ಬ್ರಿಟನ್ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಲು ಬಿಟ್ಟಿತು. ಫ್ರಾನ್ಸಿನಲ್ಲಿ ದಿನಕ್ಕೆ ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಜೇಬಿನಲ್ಲಿ ತಾನೇ ಬರೆದು ಸಹಿ ಹಾಕಿದ ಚೀಟಿ. ಮಾರ್ಚ್ 14ರಿಂದ ತುರ್ತುಸ್ಥಿತಿ ಹೇರಿಕೊಂಡ ಸ್ಪೇನ್ ನಾಯಿಯನ್ನು ಹೊರಗೆ ಕರೆದೊಯ್ಯಲು ಬಿಟ್ಟಿತು, ವಯಸ್ಕರು ನಡೆಯಲು ಹೋಗುವುದಕ್ಕೆ ಮೇ 2ರವರೆಗೆ ಬಿಡಲಿಲ್ಲ. ಭಾರತದ ಆದೇಶದಲ್ಲಿ ವಾಯುವಿಹಾರಕ್ಕೆ ಯಾವ ವಿನಾಯಿತಿಯೂ ಇರಲಿಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಬಡಾವಣೆಯ ಪಾರ್ಕುಗಳಿಗೆ ಬೀಗ ಬಿತ್ತು. ಮೇ ಮೂರನೆಯ ವಾರದಲ್ಲಿ ಬೆಳಗ್ಗೆ, ಸಂಜೆ ಕೆಲವು ಗಂಟೆ ತೆರೆದವು. ತಾರಸಿ ಇದ್ದವರು ತಾರಸಿ ಸುತ್ತಿದರು, ವಠಾರದ ಒಂಟಿ ಕೋಣೆಯವರಿಗೆ ಅದೂ ಇಲ್ಲ. ಈಜುಕೊಳ, ಜಿಮ್, ಫಿಸಿಯೋಥೆರಪಿ ಕೇಂದ್ರಗಳು ಎಲ್ಲೆಡೆ ಮುಚ್ಚಿದವು.

ಔಷಧದ್ದು ಬೇರೆಯೇ ಕಥೆ. ಮಾರ್ಚ್ 3ರಂದೇ ಭಾರತ ಪ್ಯಾರಸಿಟಮಾಲ್ ಸೇರಿ ಹಲವು ಔಷಧಗಳ ಮತ್ತು ಕಚ್ಚಾವಸ್ತುಗಳ ರಫ್ತಿಗೆ ತಡೆ ಹಾಕಿತ್ತು. ಮಾರ್ಚ್ 14ರಂದು ಫ್ರಾನ್ಸಿನ ಆರೋಗ್ಯ ಸಚಿವ ಒಲಿವಿಯೇ ವೆರಾನ್ ಐಬುಪ್ರೊಫೆನ್ ಕೋವಿಡನ್ನು ಉಲ್ಬಣಗೊಳಿಸಬಹುದು ಎಂದು ಟ್ವೀಟ್ ಮಾಡಿದಾಗ ನೋವಿನ ಮಾತ್ರೆಯನ್ನೇ ನಂಬಿದ್ದವರು ಗಾಬರಿಬಿದ್ದರು. ಹಾಗೆನ್ನಲು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕೆಲವೇ ದಿನಗಳಲ್ಲಿ ಹೇಳಿತು, ಆದರೆ ಗಾಬರಿ ಅಷ್ಟು ಬೇಗ ಇಳಿಯಲಿಲ್ಲ. ಲೂಪಸ್, ಸಂಧಿವಾತಗಳ ಜೊತೆಗೆ ಫೈಬ್ರೊಮಯಾಲ್ಜಿಯಾವೂ ಇರುವವರು ಬಹಳ. ಅವರು ವರ್ಷಗಳಿಂದ ನುಂಗುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಏಕಾಏಕಿ ಜಗತ್ತೆಲ್ಲ ಹುಡುಕುವ ಮಾತ್ರೆಯಾಯಿತು. ಅಂಗಡಿಗಳಲ್ಲಿ ಅದು ಖಾಲಿಯಾಗತೊಡಗಿದಾಗ ಮಾರ್ಚ್ 26ರಂದು ಕೇಂದ್ರ ಸರ್ಕಾರ ಅದನ್ನು ಎಚ್‌1 ಅನುಸೂಚಿಗೆ ಸೇರಿಸಿ ಚೀಟಿಯಿಲ್ಲದೆ ಮಾರದಂತೆ ಬಿಗಿ ಮಾಡಿತು. ಕೋವಿಡ್‌ಗೆ ಅದರಿಂದ ಉಪಯೋಗವಿಲ್ಲವೆಂದು ಸಾಬೀತಾದದ್ದು ಆಮೇಲೆ.

ಚೀಟಿಗಾದರೂ ವೈದ್ಯರು ಸಿಗಬೇಕಲ್ಲ. ಬಸ್ಸು, ರೈಲು ನಿಂತಿದ್ದವು. ಅನೇಕ ಆಸ್ಪತ್ರೆಗಳು ತುರ್ತಲ್ಲದ ಒಪಿಡಿ ನಿಲ್ಲಿಸಿದ್ದವು. ಲಾಕ್‌ಡೌನ್‌ನ ಮೊದಲ ದಿನವೇ, ಮಾರ್ಚ್ 25ರಂದು, ಭಾರತದ ಮೊತ್ತಮೊದಲ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ಅದುವರೆಗೆ ಫೋನಿನಲ್ಲಿ ಔಷಧ ಬರೆಯುವುದು ಕಾನೂನಿನ ಮಬ್ಬಿನಲ್ಲಿತ್ತು. ಏಪ್ರಿಲ್ 13ರಂದು ಸರ್ಕಾರದ ಇ-ಸಂಜೀವಿನಿ ಒಪಿಡಿ ಶುರುವಾಯಿತು. ನಿಮ್ಹಾನ್ಸ್ ಮತ್ತು ಭಾರತೀಯ ಮನೋವೈದ್ಯ ಸಂಘ ಸೇರಿ ಫೋನಿನಲ್ಲಿ ಮನೋವೈದ್ಯ ನಡೆಸುವ ಕ್ರಮವನ್ನೂ ಬರೆದವು. ಟೆಲಿಮೆಡಿಸಿನ್ ಮಾರ್ಗಸೂಚಿ ವಿಡಿಯೊದಲ್ಲಿ ನೋಡಿದವರಿಗೆ ಯಾವ ಔಷಧ, ಹಳೆಯ ರೋಗಿಗೆ ಯಾವುದನ್ನು ಮುಂದುವರಿಸಬಹುದು ಎಂದು ಪಟ್ಟಿ ಮಾಡಿ, ಮಾದಕವಸ್ತು ಕಾಯ್ದೆಯಡಿ ಬರುವವನ್ನು ಪೂರ್ತಿ ಹೊರಗಿಟ್ಟಿತ್ತು. ನೋವಿಗೆ ಬರೆಯುವ ಟ್ರಮಡಾಲ್ 2018ರಲ್ಲಿ ಆ ಕಾಯ್ದೆಯೊಳಗೆ ಬಂದಿದ್ದರಿಂದ, ಅದನ್ನು ನೆಚ್ಚಿಕೊಂಡಿದ್ದವರಿಗೆ ಫೋನಿನಿಂದ ಪ್ರಯೋಜನವಾಗಲಿಲ್ಲ. ಉಳಿದಂತೆ ಮಾತಿನಿಂದಲೇ ಪತ್ತೆ ಮಾಡಬಲ್ಲ ಸಂಧಿರೋಗಗಳು ಕಡಿಮೆ. ಊದಿದ ಕೀಲನ್ನು ಮುಟ್ಟದೆ ಅಳೆಯಲಾಗದು. 2010ರ ಪ್ರಶ್ನಾವಳಿ ಇದ್ದ ಫೈಬ್ರೊಮಯಾಲ್ಜಿಯಾ ಮಾತ್ರ ಫೋನಿಗೆ ಒಗ್ಗಿಕೊಂಡಿತು. ಆದರೆ ಅದೇ ಲಕ್ಷಣ ತೋರುವ ಥೈರಾಯ್ಡ್, ಮಾಂಸಖಂಡದ ರೋಗಗಳನ್ನು ಬದಿಗಿಡಲು ಮುಟ್ಟಿಯೇ ನೋಡಬೇಕು, ರಕ್ತ ಪರೀಕ್ಷೆಯಾಗಬೇಕು. ಹೊಸ ರೋಗಿಗಳು ಆ ತಿಂಗಳುಗಳಲ್ಲಿ ಕಾದರು.

ಮನೆಯೊಳಗೆ ಕೆಲಸದ ಹೊರೆ ಮರುಹಂಚಿಕೆಯಾಗಬೇಕಿತ್ತು, ಆಗಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನು ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಲಾಕ್‌ಡೌನ್‌ನಲ್ಲಿ ಮನೆಗೆಲಸದವರು ಬರುವುದು ನಿಂತಿತು, ಅಪಾರ್ಟ್‌ಮೆಂಟುಗಳು ಗೇಟಿನಲ್ಲೇ ತಡೆದವು. ಗಂಡ, ಮಕ್ಕಳು ಮೂರು ಹೊತ್ತೂ ಮನೆಯಲ್ಲಿ. ಬಟ್ಟೆ ಹಿಂಡುವುದು, ನೆಲ ಒರೆಸುವುದು, ಕುಕ್ಕರ್ ಎತ್ತುವುದು ಭುಜ, ಸೊಂಟಗಳ ನೋವಿನವರಿಗೆ ಕಠಿಣ. ಈ ಕಾಯಿಲೆಯಲ್ಲಿ ಕಲಿಸುವ ಮುಖ್ಯ ಪಾಠ, ದಿನದ ಶಕ್ತಿಯನ್ನು ಅಳೆದು ಖರ್ಚು ಮಾಡು, ನಡುನಡುವೆ ಕೂತು ಏಳು ಎಂಬುದು. ಒಬ್ಬರ ಕೈ ಸುತ್ತ ಇಡೀ ಮನೆ ತಿರುಗುವಲ್ಲಿ ಅದನ್ನು ಪಾಲಿಸುವುದು ಆಗದ ಮಾತು. ಬೇರೆಯವರ ಮನೆಗೆಲಸ ಮಾಡುವ ಹೆಂಗಸರಿಗೇ ಈ ಕಾಯಿಲೆ ಇದ್ದಲ್ಲಿ ಸಂಬಳವೂ ಇಲ್ಲ, ಮದ್ದೂ ಇಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ನಗರದ ಉದ್ಯೋಗಸ್ಥ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆರಡು ಸಲದ ಬಸ್ಸು, ಟ್ರಾಫಿಕ್ಕಿನ ಕುಲುಕಾಟ ತಪ್ಪಿ, ಬೇಕಾದಾಗ ಕಾಲು ಚಾಚಿ ಕೂರುವ ಅವಕಾಶ ಸಿಕ್ಕಿತು. ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ವರ್ಷಗಳಿಂದ ಕೇಳಿ ಇಲ್ಲವೆನ್ನಿಸಿಕೊಂಡಿದ್ದ ಅಂಗವಿಕಲರು, ದೀರ್ಘರೋಗಿಗಳು ಅದೇ ಸವಲತ್ತು ಒಂದೇ ವಾರದಲ್ಲಿ ಎಲ್ಲರಿಗೂ ಸಿಕ್ಕಿದ್ದನ್ನು ನೋಡಿದರು. ಯುರೋಪು ಮತ್ತಿತರ ಕಡೆ ಆ ವರ್ಷ ನಡೆದ ಅಧ್ಯಯನಗಳೂ ಒಂದೇ ಮಾತು ಹೇಳಲಿಲ್ಲ: ಕೆಲವು ನೋವು, ಆತಂಕ, ನಿದ್ದೆಗೇಡು ಹೆಚ್ಚಾದವೆಂದವು, ಮತ್ತೆ ಕೆಲವಕ್ಕೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಯಾರ ಮನೆ, ಎಂಥ ಮನೆ ಎಂಬುದನ್ನು ಬಿಟ್ಟು ಸರಾಸರಿ ತೆಗೆದರೆ ಹಾಗೆಯೇ ಆಗುತ್ತದೆ.

ಪಟ್ಟಿಗಳ ಕಾಲವೂ ಅದಾಗಿತ್ತು. ಬ್ರಿಟನ್‌ನಲ್ಲಿ ಹೆಚ್ಚು ಅಪಾಯದವರೆಂದು ಸರ್ಕಾರ ಗುರುತಿಸಿ ಮನೆಗೆ ದಿನಸಿ ತಲುಪಿಸುತ್ತಿದ್ದವರ ಪಟ್ಟಿಯಲ್ಲಿ ಫೈಬ್ರೊಮಯಾಲ್ಜಿಯಾ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಭಾರತ 45 ದಾಟಿದವರಿಗೆ ಲಸಿಕೆ ಕೊಡಲು ಮಾಡಿದ 20 ಕಾಯಿಲೆಗಳ ಪಟ್ಟಿಯಲ್ಲೂ ಇರಲಿಲ್ಲ. ಇವು ಕೋವಿಡ್‌ನಿಂದ ಸಾಯುವ ಅಪಾಯದ ಪಟ್ಟಿಗಳಾದ್ದರಿಂದ ತಪ್ಪೆನ್ನಲಾಗದು. ಆದರೆ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಲಾಗದವರಿಗೆ ಬೇರೆ ಪಟ್ಟಿಯನ್ನು ಯಾರೂ ಮಾಡಲಿಲ್ಲ.

ಮೇ 12 ಈ ಕಾಯಿಲೆಯ ಅಂತರರಾಷ್ಟ್ರೀಯ ಜಾಗೃತಿ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನವೆಂದು 1990ರ ದಶಕದ ಆರಂಭದಲ್ಲಿ ಇದನ್ನು ಆರಿಸಿಕೊಂಡದ್ದು. ಕ್ರಿಮಿಯಾ ಯುದ್ಧದಿಂದ ಜ್ವರಪೀಡಿತಳಾಗಿ ಮರಳಿದ ಆಕೆ 1857ರಿಂದ ದಶಕಗಳ ಕಾಲ ನೋವು, ಆಯಾಸಗಳಿಂದ ಬಹುಪಾಲು ಕೋಣೆಯಲ್ಲೇ ಕಳೆದಳು. ಅದು ಬ್ರುಸೆಲೋಸಿಸ್ ಎಂಬ ಸೋಂಕಿನ ಉಳಿಕೆ ಇರಬೇಕೆಂಬ ವಾದ ಈಗ ಹೆಚ್ಚು ಮಾನ್ಯ, ಹಾಗಾಗಿ ಆಕೆಯನ್ನು ಫೈಬ್ರೊಮಯಾಲ್ಜಿಯಾ ರೋಗಿ ಎನ್ನುವುದು ಅತಿಯಾದೀತು. ಭಾರತದ ಸೇನಾ ಶಿಬಿರಗಳ, ಹಳ್ಳಿಗಳ ನೈರ್ಮಲ್ಯದ ಬಗ್ಗೆ ಆಕೆ ಮಾಡಿದ ಅಪಾರ ಕೆಲಸವೆಲ್ಲ ಲಂಡನ್ನಿನ ಆ ಕೋಣೆಗಳಲ್ಲಿ ನಡೆದದ್ದು. ಭಾರತಕ್ಕೆ ಆಕೆ ಬರಲೇ ಇಲ್ಲ. 2020ರ ಮೇ 12 ಆಕೆಯ 200ನೆಯ ಜನ್ಮದಿನ. ಲಂಡನ್ನಿನ ಎಕ್ಸೆಲ್ ಸಭಾಂಗಣದಲ್ಲಿ ಏಪ್ರಿಲ್ 3ರಂದು ಆಕೆಯ ಹೆಸರಿನ ತಾತ್ಕಾಲಿಕ ಕೋವಿಡ್ ಆಸ್ಪತ್ರೆ ತೆರೆದಿತ್ತು.

ಕರ್ನಾಟಕದ ಎರಡನೆಯ ಮುಚ್ಚುಗಡೆ 2021ರ ಏಪ್ರಿಲ್ 27ರ ರಾತ್ರಿ ಶುರುವಾಗಿ ಮೇ 10ರಿಂದ ಬಿಗಿಯಾಯಿತು. ದಿನಸಿ, ತರಕಾರಿ ಕೊಳ್ಳಲು ಬೆಳಗ್ಗೆ 6ರಿಂದ 10. ಅಂಗಡಿಗೆ ನಡೆದೇ ಹೋಗಬೇಕೆಂದು ಮೊದಲು ಹೇಳಿ, ಆಕ್ಷೇಪ ಬಂದ ಮೇಲೆ ಸಡಿಲಿಸಿದರು. ಫೈಬ್ರೊಮಯಾಲ್ಜಿಯಾದಲ್ಲಿ ಮೈ ಅತಿ ಬಿಗಿದಿರುವುದು ಬೆಳಗಿನ ಅದೇ ಹೊತ್ತು. ಎದ್ದು ಮೈ ಸಡಿಲಾಗುವಷ್ಟರಲ್ಲಿ ಅಂಗಡಿಗಳು ಬಾಗಿಲೆಳೆಯುತ್ತಿದ್ದವು.

ಆ ಹೊತ್ತಿಗೆ ಜ್ವರ ಬಿಟ್ಟರೂ ನೋವು ಬಿಡದ ಹೊಸ ರೋಗಿಗಳು ಎಲ್ಲೆಡೆ ಕಾಣಿಸಿಕೊಂಡಿದ್ದರು. ‘ಲಾಂಗ್ ಕೋವಿಡ್’ ಎಂಬ ಹೆಸರು 2020ರ ಮೇನಲ್ಲಿ ವೈದ್ಯರಿಂದಲ್ಲ, ರೋಗಿಗಳಿಂದ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ 2021ರ ಅಕ್ಟೋಬರ್‌ನಲ್ಲಿ. ಇಟಲಿಯ ಉರ್ಸಿನಿ ಮತ್ತು ಸಂಗಡಿಗರು ಕೋವಿಡ್ ಬಂದುಹೋದ 616 ಮಂದಿಯಿಂದ ಇಂಟರ್ನೆಟ್ ಮೂಲಕ ಉತ್ತರ ಪಡೆದು, ಅವರಲ್ಲಿ ನೂರಕ್ಕೆ 30.7ರಷ್ಟು ಜನ ಫೈಬ್ರೊಮಯಾಲ್ಜಿಯಾದ ಮಾನದಂಡಕ್ಕೆ ಹೊಂದುತ್ತಾರೆಂದು 2021ರಲ್ಲಿ ವರದಿ ಮಾಡಿದರು. ಬಾಧೆ ಇರುವವರೇ ಹೆಚ್ಚಾಗಿ ಉತ್ತರಿಸುವುದರಿಂದ ಆ ಸಂಖ್ಯೆಯನ್ನು ಇಡೀ ಜನಸಂಖ್ಯೆಗೆ ಹಚ್ಚುವಂತಿಲ್ಲ. ಆದರೂ 1890ರಲ್ಲಿ ಆಲ್ಟ್‌ಹೌಸ್ ಕಂಡ ರೋಗಿಗಳಿಗೂ ಇವರಿಗೂ ಇರುವ ಹೋಲಿಕೆ ಕಡೆಗಣಿಸುವಂಥದ್ದಲ್ಲ.

ಚಿಕಿತ್ಸೆಯ ವಿವಾದವೂ 2021ರಲ್ಲೇ ಕೆದರಿತು. ವೈದ್ಯರಿಗೆ ಚಿಕಿತ್ಸೆಯ ಸಲಹೆ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಫೈಬ್ರೊಮಯಾಲ್ಜಿಯಾ ಸೇರಿದಂತೆ ಇಂಥ ದೀರ್ಘ ನೋವಿಗೆ ವ್ಯಾಯಾಮ, ಮಾತಿನ ಚಿಕಿತ್ಸೆ, ಅಕ್ಯುಪಂಕ್ಚರ್, ಖಿನ್ನತೆಯ ಮಾತ್ರೆಗಳನ್ನು ಪರಿಗಣಿಸಲು ಹೇಳಿ, ಪ್ಯಾರಸಿಟಮಾಲ್, ಐಬುಪ್ರೊಫೆನ್ ಜಾತಿಯವು, ಅಫೀಮು ಜಾತಿಯವು ಮತ್ತು ಪ್ರಿಗ್ಯಾಬಲಿನ್‌ಗಳನ್ನು ಹೊಸದಾಗಿ ಶುರು ಮಾಡಬಾರದೆಂದಿತು. ವ್ಯಾಯಾಮ ಕೇಂದ್ರಗಳು ಇನ್ನೂ ಪೂರ್ತಿ ತೆರೆಯದ ಹೊತ್ತಿನಲ್ಲಿ ಬಂದ ಈ ಸಲಹೆಗೆ ರೋಗಿಗಳ ಸಂಘಗಳು ಸಿಟ್ಟಾದದ್ದು ಸಹಜ. ಜುಲೈನಲ್ಲಿ ಆಂಡ್ರಿಯಾಸ್ ಗೋಬೆಲ್ ಮತ್ತು ಸಂಗಡಿಗರು, ಲಿವರ್‌ಪೂಲ್, ಲಂಡನ್, ಸ್ಟಾಕ್‌ಹೋಮ್‌ಗಳಲ್ಲಿ ನಡೆಸಿದ ಪ್ರಯೋಗದ ಫಲ ಪ್ರಕಟಿಸಿದರು. ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಚುಚ್ಚಿದ ಇಲಿಗಳು ಒತ್ತಡಕ್ಕೂ ಚಳಿಗೂ ಹೆಚ್ಚು ನೊಂದವು, ಓಡಾಟ ಕಡಿಮೆ ಮಾಡಿದವು. ಆರೋಗ್ಯವಂತರ ಪ್ರತಿಕಾಯಗಳಿಂದ ಹಾಗಾಗಲಿಲ್ಲ. ಮನುಷ್ಯರಲ್ಲಿ ಇದರಿಂದ ಚಿಕಿತ್ಸೆ ಹುಟ್ಟುವುದಕ್ಕೆ ಇನ್ನೂ ಬಹಳ ಕೆಲಸವಾಗಬೇಕು.

2022ರ ಜನವರಿಯಲ್ಲಿ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿ ಫೈಬ್ರೊಮಯಾಲ್ಜಿಯಾವನ್ನು ಮಾಂಸಖಂಡಗಳ ಅಧ್ಯಾಯದಿಂದ ಎತ್ತಿ, ‘ವ್ಯಾಪಕ ದೀರ್ಘ ನೋವು’ ಎಂಬ ಶೀರ್ಷಿಕೆಯಡಿ ಇಟ್ಟಿತು. ಅಂದರೆ ನೋವು ಬೇರೆ ಯಾವುದೋ ರೋಗದ ಲಕ್ಷಣವೆಂದಲ್ಲ, ಅದೇ ರೋಗ. ಭಾರತದಲ್ಲಿ ಕೋವಿಡ್‌ಗಾಗಿ ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ನಿರ್ಬಂಧಗಳು ಆ ಮಾರ್ಚ್ 31ಕ್ಕೆ ಮುಗಿದವು. ಒಪಿಡಿಗಳು ಮೊದಲಿನಂತಾದವು, ಲಾಕ್‌ಡೌನ್‌ನ ಮೊದಲ ದಿನ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಉಳಿದುಕೊಂಡಿತು, ಅದರ ಔಷಧ ಪಟ್ಟಿಯ ಸಮೇತ.